ಗಿರಿಜಾಂಬಾ ಅವರ ನೀಲಿ ದಾರ

ಈ ಮೂಲಕ ಮೂಡಿಗೆರೆ ತಾಲ್ಲೂಕಿನ ಸಮಸ್ತ ಮಹಾಜನತೆಗೆ ತಿಳಿಯಪಡಿಸುವುದೇನೆಂದರೆ, ಹಳೇಹಿತ್ಲು ಎಸ್ಟೇಟಿನ ಶ್ರೀಮತಿ ಗಿರಿಜಾಂಬಾ ಶಶಿಧರ್ ಅವರ ಕೊರಳಲ್ಲಿ ನೇತಾಡುತ್ತಿರುವ ಗುರುತಿನ ಕಾರ್ಡಿನ ದಾರದ ಬಣ್ಣ ಹಸಿರು. ಅದೇ ಮನೆತನದ ಕಿರಿ ಸೊಸೆ ಶ್ರೀಮತಿ ರಕ್ಷಾ ಅವರ ಕೊರಳಲ್ಲಿರುವ ದಾರದ ಬಣ್ಣ ನೀಲಿ. ಈ ಬಗ್ಗೆ ಯಾರಿಗಾದರೂ ತಂಟೆ ತಕರಾರು ಇದ್ದಲ್ಲಿ ದಯವಿಟ್ಟು ಸಾಲಿನಲ್ಲಿ ಬರತಕ್ಕದ್ದು. ಸಾಲಿನ ಮೊದಲನೇ ಜಾಗದಲ್ಲಿ ಗಿರಿಜಾಂಬಾ ಅವರೇ ನಿಂತಿರುತ್ತಾರೆ.

ದಾರದ ಕತೆ ಇಷ್ಟು. ಹೊಡೆತ ತಿಂದ ಮಕ್ಕಳು, ಮನೆಯವ್ರೇ ಕೈಬಿಟ್ಟ ಮಕ್ಕಳು, ಅವ್ರ ಕೇಸು ಕೋರ್ಟಿಗೆ ಬಂದಾಗ ಒಂಟಿಯಾಗಿ ನಿಲ್ಲಬಾರ್ದು ಅಂತ ನಮ್ಮಲ್ಲಿ ಜೊತೆಗಾರರ ಬಳಗ ಅಂತ ಒಂದಿದೆ. ಸಂಬಳ ಇಲ್ಲ, ಸನ್ಮಾನ ಇಲ್ಲ. ತರಬೇತಿ ಮುಗಿಸಿದವ್ರಿಗೆ ಹಸಿರು ದಾರ. ಇಂಥಾ ಮಗುವಿಗೆ ಇವ್ರೇ ಜೊತೆಗಾರ್ತಿ ಅಂತ ಕೋರ್ಟು ಒಪ್ಪಿದ ದಿನ ನೀಲಿ ದಾರ. ಬಳಗ ನಡೆಸೋ ರಿಟೈರ್ಡ್ ಹೆಡ್‌ಮಾಸ್ಟರ್ ರುದ್ರೇಶ್ ಅವ್ರು ಈ ಬಣ್ಣಗಳನ್ನ ಮಾಡಿದ್ದು ಕೋರ್ಟಿನ ಬಾಗಿಲಲ್ಲಿರೋ ಪೊಲೀಸಿನವ್ರಿಗೆ ಗುರುತು ಸಿಗ್ಲಿ ಅಂತ. ಅದು ಗಿರಿಜಾಂಬಾ ಅವ್ರ ನಿದ್ದೆ ಕೆಡಿಸುತ್ತೆ ಅಂತ ಆ ಬಡಪಾಯಿಗೇನು ಗೊತ್ತು.

ತ್ಯಾಗ ಮಾಡೋರಿಗೆ ಟ್ಯಾಗ್ ಯಾಕೆ ಮಾರಾಯ್ತಿ ಅಂತ ಗಂಡ ಶಶಿಧರ್ ಒಂದ್ಸಲ ಕೇಳಿದ್ರು. ಟ್ಯಾಗ್ ಇಲ್ದಿದ್ರೆ ತ್ಯಾಗ ಮಾಡಿದ್ದು ಯಾರಿಗೆ ಗೊತ್ತಾಗ್ಬೇಕು ಅಂತ ಗಿರಿಜಾಂಬಾ ಉತ್ತರ ಕೊಟ್ರು. ಶಶಿಧರ್ ಅವ್ರು ಮತ್ತೆ ಕೇಳ್ಲಿಲ್ಲ. ಕೇಳದೇ ಇರೋದನ್ನ ಅಭ್ಯಾಸ ಮಾಡ್ಕೊಂಡೇ ಅವ್ರ ಸಂಸಾರ ಇಷ್ಟು ದೂರ ಬಂದಿದ್ದು.

ವಾರಕ್ಕೊಂದ್ಸಲ ಕಂಡ್ರೆ ಸಾಕು ಅನ್ನಿಸೋ ಸಂಬಂಧಕ್ಕೇ ಹಿರಿಯರು ವಾರಗಿತ್ತಿ ಅಂತ ಹೆಸರಿಟ್ಟಿರ್ಬೇಕು. ಆದ್ರೆ ಅಣ್ಣತಮ್ಮಂದಿರು ಪಾಲಾದ ಮೇಲೂ ಎರಡು ತೋಟಕ್ಕೂ ನಡುವೆ ಇದ್ದಿದ್ದು ಒಂದೇ ಬೇಲಿ. ಗಿರಿಜಾಂಬಾ ದಿನಾ ಬೆಳಿಗ್ಗೆ ಕಾಫಿ ಕುಡಿಯೋವಾಗ ಬೇಲಿಯಾಚೆ ರಕ್ಷಾ ನಗ್ತಾ ಕೈ ಬೀಸ್ತಿದ್ಲು. ಆ ಕಾಫಿಗೆ ಎಷ್ಟು ಸಕ್ಕರೆ ಹಾಕಿದ್ರೂ ಕಹಿ. ರಕ್ಷಾ ಕೆಟ್ಟವಳೇನಲ್ಲ. ಅದೇ ತೊಂದರೆ. ಕೆಟ್ಟವಳಾಗಿದ್ರೆ ಜಗಳ ಆಡಿ ಹಗುರ ಆಗ್ಬಹುದಿತ್ತು. ಈ ಹುಡುಗಿ ಅಕ್ಕ ಅಕ್ಕ ಅಂತ ಬಂದು, ಗಿರಿಜಾಂಬಾ ಮಾಡೋ ಕೆಲಸಾನೇ ಒಂಚೂರು ಚೆನ್ನಾಗಿ ಮಾಡಿ ಹೋಗ್ತಿದ್ಲು. ಅತ್ತೆ ಹಾಸಿಗೆ ಹಿಡಿದಾಗ ಕೊನೇದಾಗಿ ಬಾಯ್ಬಿಟ್ಟು ಕೇಳಿದ್ದು ರಕ್ಷಾ ಕೈಯ ಕಡುಬು. ಮದುವೆಯಾಗಿ ಬಂದ ದಿನದಿಂದ ಗಿರಿಜಾಂಬಾ ಬೇಯಿಸಿ ಹಾಕಿದ ಕಡುಬೆಲ್ಲ ಆ ಒಂದು ಮಾತಲ್ಲಿ ಹಳಸಿ ಹೋಯ್ತು.

ಬಳಗಕ್ಕೆ ಮೊದ್ಲು ಸೇರಿದ್ದು ಗಿರಿಜಾಂಬಾ. ಬಾ, ನಿಂಗೂ ಹೊತ್ತು ಹೋಗುತ್ತೆ ಅಂತ ರಕ್ಷಾನ ಕರ್ಕೊಂಡು ಹೋದವ್ರೂ ಅವ್ರೇ. ಚಿಕ್ಕಮಗಳೂರಲ್ಲಿ ತರಬೇತಿ. ಮಧ್ಯಾಹ್ನ ಊಟ ಆದ್ಮೇಲೆ ರುದ್ರೇಶ್ ಅವ್ರು, ಜೊತೆಗಾರರು ಯಾರು ಆಗ್ಬಹುದು ಯಾರು ಆಗಬಾರ್ದು ಅನ್ನೋ ನಿಯಮಗಳನ್ನ ಎಲ್ಲರಿಗೂ ಓದಿ ಹೇಳಮ್ಮ ಅಂತ ರಕ್ಷಾನ ಎಬ್ಬಿಸಿ ನಿಲ್ಸಿದ್ರು. ಅಷ್ಟು ಜನರಲ್ಲಿ ಅವಳನ್ನೇ ಯಾಕೆ ಎಬ್ಬಿಸಿದ್ದು ಅನ್ನೋ ಪ್ರಶ್ನೆ ಗಿರಿಜಾಂಬಾ ಕಿವಿಯೊಳಗೆ ಎಷ್ಟು ಜೋರಾಗಿ ಸದ್ದು ಮಾಡ್ತು ಅಂದ್ರೆ, ರಕ್ಷಾ ಓದಿದ್ದು ಒಂದೂ ಕೇಳಿಸ್ಲಿಲ್ಲ. ಮೊದಲ ಮಗೂನೂ ರಕ್ಷಾಗೇ ಸಿಕ್ತು. ನೀಲಿ ದಾರ ಬಂತು. ಮಕ್ಕಳ ರಕ್ಷಣೆಗೆ ರಕ್ಷಾ ಅಂತ ಊರಲ್ಲಿ ಯಾರೋ ಪ್ರಾಸ ಚಂದ ಇದೆ ಅಂತ ಅಂದ್ರು. ಅಲ್ಲಿಗೆ ಗಿರಿಜಾಂಬಾ ಹೊಟ್ಟೆಯಲ್ಲಿ ಎದ್ದ ಕಿಚ್ಚಿಗೆ ಬಿಸಿಲಿಲ್ಲದ ದಿನ ಒಂದು ಕಣ ಕಾಫಿ ಒಣಗಿಸಬಹುದಿತ್ತು.

ಹೀಗಿರ್ಬೇಕಾದ್ರೆ ರಂಜಿತಾ ಕೇಸು ಬಂತು.

ಒಂಬತ್ತು ವರ್ಷದ ಹುಡುಗಿ. ತಾಯಿ ಇಲ್ಲ, ತಂದೆ ಎಲ್ಲಿಗೋ ಹೋದವ್ನು ಬರ್ಲೇ ಇಲ್ಲ. ಮೂಡಿಗೆರೆ ಹತ್ರ ಸೋದರಮಾವನ ಮನೆಯಲ್ಲಿದ್ಲು. ಮಾವ ಸ್ಕೂಲು ಬಿಡಿಸಿ ಕೆಲಸಕ್ಕೆ ಹಚ್ಚಿದ್ದ, ಬೆಲ್ಟಲ್ಲಿ ಹೊಡೀತಿದ್ದ. ಅಪರೂಪಕ್ಕೆ ಸ್ಕೂಲಿಗೆ ಬಂದ ದಿನ ಟೀಚರು ಬೆನ್ನು ನೋಡಿ ದೂರು ಕೊಟ್ರು. ಈಗ ಮಾವ ಜಾಮೀನಿನ ಮೇಲೆ ಹೊರಗಿದ್ದ, ಹುಡುಗಿ ಕಳಸದ ಹತ್ರ ಒಂದು ತೋಟದ ಕೂಲಿ ಲೈನಲ್ಲಿ ಅಜ್ಜಿ ಸಿದ್ದಮ್ಮನ ಜೊತೆ ಇದ್ಲು. ಅದೂ ಸದ್ಯಕ್ಕೆ ಮಾತ್ರ. ಹುಡುಗೀನ ನಾನೇ ಸಾಕ್ತೀನಿ, ಮುದುಕಿ ಕೈಲಿ ಏನಾಗುತ್ತೆ ಅಂತ ಮಾವನೂ ಅರ್ಜಿ ಹಾಕಿದ್ದ. ರಂಜಿತಾ ನ್ಯಾಯಾಧೀಶರ ಮುಂದೆ ನಡೆದದ್ದು ಹೇಳಿದ್ರೆ ಸರಿ. ಬಾಯಿ ಬಿಡ್ದಿದ್ರೆ ಮಾವ ಖುಲಾಸೆ, ಹುಡುಗಿ ವಾಪಸ್ ಅದೇ ಮನೆಗೆ. ಮೊದಲನೇ ಸಲ ಕೋರ್ಟಿಗೆ ಕರ್ಕೊಂಡು ಬಂದಾಗ ಅವ್ಳು ತನ್ನ ಹೆಸರನ್ನೂ ಹೇಳಿರ್ಲಿಲ್ಲ.

ಏನು ಹೇಳ್ಬೇಕು ಅಂತ ಯಾರೂ ಹೇಳಿಕೊಡಂಗಿಲ್ಲ, ಧೈರ್ಯಕ್ಕೆ ಜೊತೆಗೆ ಕೂರ್ಬೇಕಷ್ಟೆ ಅಂತ ರುದ್ರೇಶ್ ಅವ್ರು ಗಿರಿಜಾಂಬಾ, ರಕ್ಷಾ ಇಬ್ಬರಿಗೂ ಹೇಳಿದ್ರು. ಇಬ್ಬರೂ ಬೇರೆ ಬೇರೆ ದಿನ ಹೋಗಿ ಬನ್ನಿ, ಮಗು ಯಾರ ಹತ್ರ ಸಲೀಸಾಗಿರುತ್ತೋ ಅವ್ರ ಹೆಸರು ಕಳಿಸ್ತೀನಿ ಅಂದ್ರು.

ಗಿರಿಜಾಂಬಾ ಮೊದಲ ದಿನ ಒಂದು ಗೊಂಬೆ, ಒಂದು ಕೇಕು, ಜರಿಯಿರೋ ಫ್ರಾಕು ತಗೊಂಡು ಜೀಪಲ್ಲಿ ಹೋದ್ರು. ಸಿದ್ದಮ್ಮ ಸೆರಗಲ್ಲಿ ಕುರ್ಚಿ ಒರೆಸಿ, ಕೂತ್ಕೊಳಿ ಅಮ್ಮೋರೆ ಅಂದ್ಲು. ಹುಡುಗಿ ಜಗಲಿ ಮೂಲೆಯಲ್ಲಿ ಕಾಲ್ಬೆರಳು ನೋಡ್ತಾ ಕೂತಿತ್ತು. ಪುಟ್ಟಾ, ಬಂಗಾರಾ, ಕಂದಾ ಅಂತ ಗಿರಿಜಾಂಬಾ ಕರೆದ ಹೆಸರುಗಳಲ್ಲಿ ಒಂದೂ ಅವಳದ್ದಲ್ಲ ಅನ್ನೋ ಹಾಗೆ. ಮುಂದಿನ ವಾರ ಹೋದಾಗ ಗೊಂಬೆ ಕವರು ಸಮೇತ ಗೋಡೆಗೆ ಒರಗಿ ನಿಂತಿತ್ತು. ಅದೂ ಮಾತಾಡ್ಲಿಲ್ಲ, ಇವಳೂ ಮಾತಾಡ್ಲಿಲ್ಲ.

ರಕ್ಷಾ ಹೋಗಿ ಬಂದ ಸಂಜೆ ಬೇಲಿ ಹತ್ರ ಬಂದು, ಅಕ್ಕ, ಇವತ್ತು ಅವ್ಳು ನಂಗೆ 'ಹೂಂ' ಅಂದ್ಲು ಅಂತ ಹೇಳಿದ್ಲು. ಆ ಒಂದು 'ಹೂಂ' ಹೂವಾಗಿ ರಕ್ಷಾ ಮುಡಿಗೇರಿತು, ಮೂಡಿಗೆರೆಗೆಲ್ಲ ಘಮ ಹರಡ್ತು. ಗಿರಿಜಾಂಬಾಗೆ ಮಾತ್ರ ಮೂಗು ಕಟ್ಟಿತ್ತು. ಒಂದು ಹೂಂಕಾರಕ್ಕೆ ಇಷ್ಟು ಅಹಂಕಾರವಾ ಅಂತ ಗಂಡನ ಹತ್ರ ಉರಿದುಬಿದ್ರು.

ಮೂರನೇ ಸಲ ಹೋದಾಗ ರಂಜಿತಾ ತಲೆಯಲ್ಲಿ ಎರಡು ಜಡೆ. ಜಡೆಯ ತುದಿಯಲ್ಲಿ ಹಳದಿ ರಿಬ್ಬನ್ನು. ಅಂಗಡಿಯವ್ರು ಕಟ್ಟೋ ಹಾಗೆ, ಚಿಟ್ಟೆ ಕೂತ ಹಾಗೆ.

ಯಾರು ಕಟ್ಟಿದ್ದು ಅಂತ ಗಿರಿಜಾಂಬಾ ಕೇಳಿದ್ರು. ಹುಡುಗಿ ರಸ್ತೆ ಕಡೆ ಕೈ ತೋರಿಸ್ತು.

ಪುಟ್ಟಾ ಬಂಗಾರಾ ಎಲ್ಲ ಅಲ್ಲಿಗೆ ಮುಗೀತು. ಗಿರಿಜಾಂಬಾ ಸಿದ್ದಮ್ಮ ಒರೆಸಿಟ್ಟ ಕುರ್ಚಿ ಬಿಟ್ಟು ಮೆಟ್ಟಿಲ ಮೇಲೆ ಧೊಪ್ ಅಂತ ಕೂತು, ತರಬೇತಿಯಲ್ಲಿ ಹೇಳಿಕೊಟ್ಟ ಮೆತ್ತಗಿನ ದನಿ ಮರೆತು, ಸ್ವಂತ ದನಿಯಲ್ಲಿ ಶುರು ಮಾಡಿದ್ರು. ಅವಳೇ ಅಲ್ವಾ, ಇನ್ಯಾರು. ಎಲ್ಲದಕ್ಕೂ ಅವಳೇ. ರಿಬ್ಬನ್ನು ಕಟ್ಟೋಕೂ ಅವಳೇ, ಕೋರ್ಟಿಗೂ ಅವಳೇ, ನಂಟರು ಬಂದ್ರೆ ಮೊದ್ಲು ಹೋಗೋದು ಅವಳ ಮನೆಗೇ. ಇಷ್ಟು ವರ್ಷ ಅತ್ತೆಗೆ ಕಡುಬು ಮಾಡಿ ಹಾಕಿದೋಳು ನಾನು, ಕೊನೆಗೆ ಅವ್ರು ಕೇಳಿದ್ದು ಇವಳ ಕಡುಬು. ಯಾರ ಹತ್ರ ಹೇಳ್ಕೊಳ್ಲಿ ಇದನ್ನ.

ಹುಡುಗಿ ಮೊದಲನೇ ಸಲ ಕಾಲ್ಬೆರಳು ಬಿಟ್ಟು ತಲೆ ಎತ್ತಿ ನೋಡ್ತು.

"ನಿಮ್ದು ಗಟ್ಟಿ ಇರ್ತಿತ್ತಾ?"

"ಏನು?"

"ಕಡುಬು."

ಗಿರಿಜಾಂಬಾ ಸುಳ್ಳು ಹೇಳೋಣ ಅಂತ ಬಾಯಿ ತೆಗೆದ್ರು. ಆ ಕಣ್ಣು ನೋಡಿ ಆಗ್ಲಿಲ್ಲ. "ಒಂಚೂರು," ಅಂದ್ರು.

ರಂಜಿತಾ ಮೂಲೆ ಬಿಟ್ಟು ಬಂದು ಮೆಟ್ಟಿಲ ಮೇಲೆ ಕೂತ್ಲು. ಮಧ್ಯ ಒಂದಾಳು ಕೂರೋಷ್ಟು ಜಾಗ ಬಿಟ್ಟು.

"ಅನಿಲಂಗೆ ಮೊಟ್ಟೆ ಹಾಕ್ತಿದ್ರು. ನಂಗೆ ಬರೀ ಸಾರು. ಅವ್ನು ನನ್ನ ಕಡೆ ನೋಡ್ಕೊಂಡು ತಿಂತಿದ್ದ. ನಂಗೆ ಅವ್ನ ಕಂಡ್ರೆ ಹೊಟ್ಟೆ ಉರೀತಿತ್ತು."

ಅನಿಲ್ ಅಂದ್ರೆ ಮಾವನ ಮಗ. ಗಿರಿಜಾಂಬಾ ತರಬೇತಿಯಲ್ಲಿ ಏನು ಕಲ್ತಿದ್ರೋ ಅದ್ಯಾವುದೂ ಆ ಹೊತ್ತಿಗೆ ನೆನಪಾಗ್ಲಿಲ್ಲ. "ಉರೀದೇ ಇನ್ನೇನು. ಉರೀಬೇಕಾದ್ದೇ," ಅಂದ್ರು, ಈ ವಿಷಯದಲ್ಲಿ ತಾಲ್ಲೂಕಿಗೇ ತಾವೇ ಪಂಡಿತರು ಅನ್ನೋ ಗತ್ತಲ್ಲಿ.

ಆಮೇಲೆ ಮಗು ತಾನಾಗೇ ಹೇಳ್ತಾ ಹೋಯ್ತು. ಒಂದಿನ ಅನಿಲನ ತಟ್ಟೆಯಿಂದ ಮೊಟ್ಟೆ ಎತ್ಕೊಂಡು ಓಡಿ ತಿಂದಿದ್ದು. ಮಾವ ಬೆಲ್ಟು ಬಿಚ್ಚಿದ್ದು. ಸೌದೆ ಕೊಟ್ಟಿಗೆಗೆ ಹಾಕಿ ಚಿಲಕ ಹಾಕಿದ್ದು, ಕತ್ತಲಲ್ಲಿ ಏನೋ ಕಾಲ ಮೇಲೆ ಹರಿದಿದ್ದು, ಕೂಗಿದ್ರೆ ಮತ್ತೆ ಹೊಡೀತಾರೆ ಅಂತ ಬಾಯಿಗೆ ಲಂಗ ತುರುಕ್ಕೊಂಡಿದ್ದು. ಒಳಗಿಂದ ಸಿದ್ದಮ್ಮ ಬಾಗಿಲಿಗೆ ಬಂದು ಅಲ್ಲೇ ಗೋಡೆ ಹಿಡ್ಕೊಂಡು ನಿಂತ್ಲು. ಮೊಮ್ಮಗಳ ಬಾಯಿಂದ ಅವಳೂ ಇದನ್ನ ಕೇಳಿರ್ಲಿಲ್ಲ.

ಪಾಪ ಅನ್ನೋ ಮಾತು ಗಿರಿಜಾಂಬಾ ನಾಲಿಗೆ ತುದಿಗೆ ಬಂದಿತ್ತು, ಅದನ್ನ ನುಂಗಿದ್ರು. "ಮೊಟ್ಟೆ ಚೆನ್ನಾಗಿತ್ತಾ?" ಅಂತ ಕೇಳಿದ್ರು.

"ಉಪ್ಪು ಹಾಕಿರ್ಲಿಲ್ಲ," ಅಂದ್ಲು ರಂಜಿತಾ.

ಅವತ್ತಿಂದ ಗಿರಿಜಾಂಬಾ ಬರೀಗೈಯಲ್ಲಿ ಹೋಗ್ತಿದ್ರು. ಬರೀಗೈ ಅಂದ್ರೆ ಹೊಟ್ಟೆ ತುಂಬ ರಕ್ಷಾ ಮೇಲಿನ ದೂರು. ಮೆಟ್ಟಿಲ ಮೇಲೆ ಇಬ್ಬರೂ ಕೂತು, ಒಬ್ರು ವಾರಗಿತ್ತೀನ, ಇನ್ನೊಬ್ಳು ಅನಿಲನ್ನ, ಸರದಿ ಮೇಲೆ ಬೈಯೋದು. ಮಧ್ಯದ ಜಾಗ ವಾರ ವಾರ ಕಮ್ಮಿಯಾಗ್ತಾ ಬಂತು. ಮಗು ನಗೋದನ್ನ ಸಿದ್ದಮ್ಮ ಬಾಗಿಲಲ್ಲಿ ನಿಂತು ಯಾರದ್ದೋ ಮಗು ನೋಡಿದ ಹಾಗೆ ನೋಡ್ತಿದ್ಲು. ರುದ್ರೇಶ್ ಅವ್ರೂ ಒಂದು ದಿನ ಬಂದು ನೋಡಿ, ಏನು ಮಾಡಿದ್ರಿ ಅಮ್ಮಾ, ಯಾವ ವಿಧಾನ ಅಂತ ಕೇಳಿದ್ರು. ಗಿರಿಜಾಂಬಾ ಗಂಭೀರವಾಗಿ, ಅಂತಃಕರಣ ಸಾರ್ ಅಂದ್ರು. ಕೋರ್ಟಿಗೆ ಗಿರಿಜಾಂಬಾ ಹೆಸರೇ ಹೋಯ್ತು. ಇನ್ನು ನ್ಯಾಯಾಧೀಶರು ಒಪ್ಪೋದೊಂದೇ ಬಾಕಿ, ಒಪ್ಪಿದ ಕೂಡ್ಲೇ ನೀಲಿ ದಾರ.

ಅಷ್ಟಕ್ಕೇ ನಿಲ್ಲಿಸಿದ್ರೆ ಈ ಕತೆ ಸುಖಾಂತ. ಆದ್ರೆ ಹೆಸರು ಹೋದ ಸಂಜೆ ಗಿರಿಜಾಂಬಾ ಮೆಟ್ಟಿಲಿಂದ ಎದ್ದು ಹೊರಡೋವಾಗ ರಂಜಿತಾ ಒಂದು ಮಾತು ಕೇಳಿದ್ಲು. ಮುಂದಿನ ವಾರ ರಕ್ಷಕ್ಕನೂ ಬರ್ತಾರಾ, ಅವ್ರು ಕತೆ ಅರ್ಧಕ್ಕೆ ನಿಲ್ಸಿದಾರೆ ಅಂತ.

ಜೀಪು ಮೂಡಿಗೆರೆ ಸೇರೋವರೆಗೂ ಗಿರಿಜಾಂಬಾ ತಲೆಯಲ್ಲಿ ಅದೇ ಮಾತು. ಅರ್ಧ ಕತೆ ಹೇಳಿ ಇನ್ನರ್ಧ ಇಟ್ಕೊಳ್ಳೋದು ಎಂಥಾ ಕಸುಬು. ಕಡುಬಿನ ಕತೆ ಮತ್ತೆ ಶುರುವಾಗೋ ಲಕ್ಷಣ. ಕೋರ್ಟಿನ ದಿನ ಮಗು ಕೊನೇ ಗಳಿಗೆಯಲ್ಲಿ ರಕ್ಷಕ್ಕ ಅಂದುಬಿಟ್ರೆ?

ನಮ್ಮ ಕಡೆ ಒಂದು ಪದ್ಧತಿ ಇದೆ. ಸಾಹುಕಾರ್ರಿಗೆ ಯಾರ ಮೇಲಾದ್ರೂ ಪ್ರೀತಿ ಬಂದ್ರೆ ಲೈನಲ್ಲಿ ಒಂದು ಮನೆ ಕೊಡ್ತಾರೆ, ತೋಟದಲ್ಲಿ ಕೆಲಸ ಕೊಡ್ತಾರೆ. ಕರುಣೆ ಬಂದ್ರೂ ಅದೇ, ಸಿಟ್ಟು ಇಳಿದ್ರೂ ಅದೇ. ಬೇರೆ ಊರಲ್ಲಿ ಹೂಗುಚ್ಛ ಕೊಡೋ ಕಡೆ ನಮ್ಮಲ್ಲಿ ಲೈನ್ ಮನೆ ಬೀಗದ ಕೈ. ಗಿರಿಜಾಂಬಾ ಮಹಾಯೋಜನೆಯೂ ಅದೇ. ಸಿದ್ದಮ್ಮನ್ನ ಮಗು ಸಮೇತ ಹಳೇಹಿತ್ಲಿಗೇ ತಂದುಬಿಡೋದು. ಹಣ್ಣು ಕೊಯ್ಲಿಗೆ ಹೇಗೂ ಜನ ಬೇಕು. ಸ್ಕೂಲು ಹತ್ರ. ಮಾವನ ಭಯ ಇಲ್ಲ. ಮತ್ತೆ ಮುಖ್ಯವಾಗಿ, ರಕ್ಷಾ ಆ ಮಗೂನ ನೋಡ್ಬೇಕಂದ್ರೆ ಗಿರಿಜಾಂಬಾ ಗೇಟು ದಾಟಿ, ಗಿರಿಜಾಂಬಾ ನಾಯಿ ದಾಟಿ, ಗಿರಿಜಾಂಬಾನ ಕೇಳಿ ಬರ್ಬೇಕು.

ರುದ್ರೇಶ್ ಅವ್ರನ್ನ ಒಂದ್ಮಾತು ಕೇಳು ಅಂತ ಶಶಿಧರ್ ಹೇಳಿದ್ರು. ರುದ್ರೇಶ್ ಅವ್ರು ಮಗಳ ಮನೆಗೆ ಹೋಗಿದ್ರು, ಫೋನು ಸಿಗ್ತಿರ್ಲಿಲ್ಲ. ಉಪಕಾರ ಮಾಡೋಕೂ ಅಪ್ಪಣೆ ಬೇಕಾ ಅಂತ ಗಿರಿಜಾಂಬಾ ಪಿಕಪ್ ಕಳಿಸಿಯೇ ಬಿಟ್ರು. ಸಿದ್ದಮ್ಮನ ಪಾತ್ರೆ, ಟ್ರಂಕು, ಕೋಳಿ, ಕವರಲ್ಲೇ ಇದ್ದ ಗೊಂಬೆ ಎಲ್ಲ ಬಂದಿಳೀತು. ಹೊಸದಾಗಿ ಸುಣ್ಣ ಹೊಡೆದ ಮನೆ ನೋಡಿ ಸಿದ್ದಮ್ಮ ಕೈ ಮುಗಿದ್ಲು. ಬೇಲಿಯಾಚೆ ರಕ್ಷಾ ಇದನ್ನೆಲ್ಲ ನೋಡಿ ಏನೋ ಹೇಳೋಕೆ ಬಂದ್ಲು, ಅಕ್ಕ, ಅದು ನಿಯಮದಲ್ಲಿ ಅಂತ ಶುರು ಮಾಡಿದ್ಲು. ಹೊಟ್ಟೆಕಿಚ್ಚು ಅಂದ್ರೆ ಹೀಗಿರುತ್ತೆ ನೋಡಿ ಅಂತ ಗಿರಿಜಾಂಬಾ ಬಹಳ ತೃಪ್ತಿಯಿಂದ ಒಳಗೆ ಹೋದ್ರು. ಜೀವನದಲ್ಲಿ ಮೊದಲನೇ ಸಲ ಕಾಫಿ ಸಿಹಿಯಾಗಿತ್ತು.

ಕೋರ್ಟಿನ ದಿನ ಬಂತು. ಗಿರಿಜಾಂಬಾ ನೀಲಿ ಸೀರೆ ಉಟ್ಟಿದ್ರು, ದಾರಕ್ಕೆ ಮ್ಯಾಚಾಗ್ಲಿ ಅಂತ. ರುದ್ರೇಶ್ ಅವ್ರ ಜೇಬಲ್ಲಿ ದಾರ ಸಿದ್ಧವಾಗಿತ್ತು. ರಕ್ಷಾನೂ ಬಂದು ಹೊರಗಿನ ಬೆಂಚಲ್ಲಿ ಕೂತಿದ್ಲು, ಸುಮ್ನೆ ಧೈರ್ಯಕ್ಕೆ ಅಕ್ಕ ಅಂತ. ಮಕ್ಕಳ ಹೇಳಿಕೆ ಆದ್ರಿಂದ ದೊಡ್ಡ ಹಾಲಲ್ಲಿ ಅಲ್ಲ, ನ್ಯಾಯಾಧೀಶರ ಕೋಣೆಯಲ್ಲೇ. ಮೊದ್ಲು ಜೊತೆಗಾರ್ತೀನ ಒಪ್ಪೋ ಶಾಸ್ತ್ರ. ರಂಜಿತಾ ಗಿರಿಜಾಂಬಾ ಸೆರಗು ಹಿಡ್ಕೊಂಡು ನಿಂತಿದ್ಲು. ಒಂದು ಕಡೆ ಮಾವನ ವಕೀಲರು.

ಮಗುವಿಗೂ ನಿಮಗೂ ಹೇಗೆ ಪರಿಚಯ ಅಂತ ನ್ಯಾಯಾಧೀಶೆ ಮೇಡಂ ಕೇಳಿದ್ರು. ಇಂಥಾ ಪ್ರಶ್ನೆಗೆ ಗಿರಿಜಾಂಬಾ ಎರಡು ಮಳೆಗಾಲದಿಂದ ಕಾಯ್ತಿದ್ರು.

"ಪರಿಚಯ ಏನು ಮೇಡಂ, ನಮ್ಮ ಮನೆ ಮಗೂನೇ. ನಮ್ಮ ಲೈನಲ್ಲೇ ಇರೋದು. ಅಜ್ಜಿಗೆ ನಮ್ಮ ತೋಟದಲ್ಲೇ ಕೆಲಸ. ಸ್ಕೂಲಿಗೆ ಸೇರಿಸಿದ್ದು ನಾನೇ. ಊಟ, ಬಟ್ಟೆ, ಎಲ್ಲ ನಂದೇ."

ರುದ್ರೇಶ್ ಅವ್ರು ಕಣ್ಣು ಮುಚ್ಕೊಂಡ್ರು. ಮಾವನ ವಕೀಲರು ಮಾತ್ರ ಕಣ್ಣು ಬಿಟ್ರು, ನಿಧಾನವಾಗಿ ಎದ್ದು ನಿಂತ್ರು. ಅವ್ರು ಹೇಳಬೇಕಾಗಿದ್ದನ್ನ ಗಿರಿಜಾಂಬಾನೇ ಹೇಳಿಯಾಗಿತ್ತು.

ಮೇಡಂ ಬೇಜಾರಿಂದಲೇ ವಿವರಿಸಿದ್ರು. ಮಗುವಿನ ಅಜ್ಜಿಗೆ ಈಗ ನೀವು ಯಜಮಾನ್ರು. ಸೂರು ನಿಮ್ದು, ಕೂಲಿ ನಿಮ್ದು. ಯಜಮಾನ್ರು ಜೊತೆಗಾರ್ರಾಗೋ ಹಾಗಿಲ್ಲ. ನೀವು ಪಕ್ಕದಲ್ಲಿ ಕೂತು ಮಗು ಏನೇ ಹೇಳಿದ್ರೂ, ನೀವೇ ಹೇಳಿಸಿದ್ದು ಅಂತ ಇವ್ರು ನಾಳೆ ವಾದ ಮಾಡ್ತಾರೆ, ಮಗು ಮಾತಿಗೆ ಬೆಲೆ ಹೋಗುತ್ತೆ. ಈ ನಿಯಮ ನಿಮಗೆ ತರಬೇತಿಯಲ್ಲಿ ಓದಿ ಹೇಳಿರ್ಬೇಕಲ್ಲ.

ಓದಿದ್ದು ಯಾರು ಅಂತ ಗಿರಿಜಾಂಬಾಗೆ ಆ ಗಳಿಗೆಯಲ್ಲಿ ನೆನಪಾಯ್ತು. ಒಂದು ಸಾಲೂ ನೆನಪಾಗ್ಲಿಲ್ಲ, ಓದಿದವಳ ಸೀರೆಯ ಅಂಚು ಮಾತ್ರ ನೆನಪಾಯ್ತು.

"ಹಾಗಾದ್ರೆ ಈಗ್ಲೇ ಸಿದ್ದಮ್ಮನ್ನ ಕೆಲಸದಿಂದ ತೆಗೆದೆ ಮೇಡಂ."

ರುದ್ರೇಶ್ ಅವ್ರು ಅವ್ರ ತೋಳು ಹಿಡಿದೇ ಬಿಟ್ರು. "ಸಾಕ್ಷಿ ಹೇಳೋ ದಿನ ಸಾಕ್ಷಿಯ ಅಜ್ಜೀನ ಕೆಲಸದಿಂದ ತೆಗೆದ್ರೆ ಮುಂದಿನ ಕೇಸು ನಿಮ್ಮ ಮೇಲೇನೇ ಅಮ್ಮಾ. ಸುಮ್ನಿರಿ."

ಬೇರೆ ಜೊತೆಗಾರ್ರು ಇದ್ರೆ ಈಗ್ಲೇ ಬಂದು ಮಗು ಜೊತೆ ಇಲ್ಲಿ ಕೂತಿರ್ಲಿ, ದೊಡ್ಡ ಹಾಲಲ್ಲಿ ಒಂದು ಕೆಲಸ ಮುಗಿಸಿ ಬರ್ತೀನಿ, ಇಲ್ದಿದ್ರೆ ಬೇಸಿಗೆ ರಜೆ ಕಳೆದ ಮೇಲೆ ತಾರೀಕು ಅಂದ್ರು ಮೇಡಂ. ರಜೆ ಕಳೆಯೋವರೆಗೆ ಮಾವನ ಅರ್ಜಿ ಸುಮ್ನೆ ಕೂರುತ್ತಾ ಅಂತ ಯಾರೂ ಹೇಳೋ ಹಾಗಿರ್ಲಿಲ್ಲ. ಬಾಗಿಲಾಚೆ ಬೆಂಚಿನ ಮೇಲೆ ನೀಲಿ ದಾರದವಳು ಕೂತಿದ್ಲು.

ಗಿರಿಜಾಂಬಾ ಹೊರಗೆ ಬಂದ್ರು. ರಂಜಿತಾ ಸೆರಗು ಬಿಟ್ಟಿರ್ಲಿಲ್ಲ. ಮತ್ತೆ ಕಾಲ್ಬೆರಳು ನೋಡೋಕೆ ಶುರು ಮಾಡಿತ್ತು ಮಗು, ಆ ಬಾಯಿ ಮುಚ್ಚಿಕೊಳ್ತಾ ಇರೋದು ಗಿರಿಜಾಂಬಾಗೆ ಎದುರಿಗೇ ಕಾಣ್ತಿತ್ತು. ಅವ್ರು ಬೆರಳು ಒಂದೊಂದಾಗಿ ಬಿಡಿಸಿ, ಆ ಕೈನ ರಕ್ಷಾ ಕೈಯಲ್ಲಿಟ್ರು. ಆ ಕೆಲಸ ಮಾಡೋವಾಗ ಒಳಗೆ ಏನೆಲ್ಲ ಸುಟ್ಟಿತು ಅಂತ ಅವ್ರು ಯಾರಿಗೂ ಹೇಳಿಲ್ಲ. ಆಮೇಲೆ ರಕ್ಷಾನ ಪಕ್ಕಕ್ಕೆ ಎಳೆದು ಕಿವಿಯಲ್ಲಿ ಹೇಳಿದ್ರು, ಹಿಂದೆಯೇ ಹೊರಗೆ ಬಂದ ರುದ್ರೇಶ್ ಅವ್ರಿಗೂ ಕೇಳಿಸೋವಷ್ಟು ಜೋರಾಗಿ.

"ಕೇಳಿಲ್ಲಿ. ಮೇಡಂ ಬರೋಕೆ ಮುಂಚೆ ನೀನು ಮಗು ಹತ್ರ ನನ್ನ ಮೇಲೆ ಚಾಡಿ ಹೇಳು."

"ಅಕ್ಕ?"

"ಕೇಸಿನ ಸುದ್ದಿ ಎತ್ಬೇಡ. ನನ್ನ ಕಂಡ್ರೆ ನಿಂಗೆ ಯಾಕೆ ಹೊಟ್ಟೆ ಉರಿಯುತ್ತೆ, ಅದನ್ನ ಹೇಳು. ಬಂಗಾರ ಗಿಂಗಾರ ಅನ್ಬೇಡ, ನಿನ್ನ ಸ್ವಂತ ದನೀಲಿ ಹೇಳು. ಅದು ತಾನಾಗೇ ಬಾಯಿ ಬಿಡುತ್ತೆ."

ರಕ್ಷಾ ಅವ್ರ ಮುಖಾನೇ ನೋಡಿದ್ಲು. "ನಿಮ್ಮ ಬಗ್ಗೆ ಏನಂತ ಹೇಳ್ಲಿ ಅಕ್ಕ?"

"ಯಾಕೆ, ಹುಡುಕ್ಬೇಕಾ?"

"ಇಲ್ಲ," ಅಂದ್ಲು ರಕ್ಷಾ, ಯೋಚನೆಯನ್ನೇ ಮಾಡ್ದೆ. ಮಗು ಕೈ ಹಿಡ್ಕೊಂಡು ಒಳಗೆ ಹೋದ್ಲು. ಬಾಗಿಲು ಮುಚ್ಚಿತು.

ಗಿರಿಜಾಂಬಾ ಬೆಂಚಿನ ಮೇಲೆ ಕೂತ್ರು. ನೀಲಿ ಸೀರೆ, ಹಸಿರು ದಾರ. ಸಿದ್ದಮ್ಮ ಕೆಳಗೆ ಗೋಡೆಗೆ ಒರಗಿ ಕೂತಿದ್ಲು, ತನ್ನ ಕೆಲಸ ಇದೆಯೋ ಹೋಯ್ತೋ ಅಂತ ಕೇಳೋಕೆ ಧೈರ್ಯ ಇಲ್ದೆ. ಜೀಪು ನಿಲ್ಲಿಸಿ ಬಂದ ಶಶಿಧರ್ ಹೆಂಡತಿ ಕೊರಳು ನೋಡಿದ್ರು, ಅಭ್ಯಾಸದ ಪ್ರಕಾರ ಏನೂ ಕೇಳದೆ ಪಕ್ಕದಲ್ಲಿ ಕೂತ್ರು.

ಸ್ವಲ್ಪ ಹೊತ್ತಿಗೆ ಒಳಗಿಂದ ರಂಜಿತಾ ನಗು ಬಂತು. ಮೆಟ್ಟಿಲ ಮೇಲೆ ಗಿರಿಜಾಂಬಾ ಜೊತೆ ನಗ್ತಿದ್ದ ನಗು ಅಲ್ಲ, ಅದಕ್ಕಿಂತ ದೊಡ್ಡದು, ಹೊಟ್ಟೆಯಿಂದ ಬಂದದ್ದು. ಅದು ನಿಂತ ಮೇಲೆ ಮೇಡಂ ದನಿ. ಆಮೇಲೆ ಸಣ್ಣ ದನಿಯಲ್ಲಿ, ತಡೆಯಿಲ್ದೆ, ಒಂದೇ ಸಮ, ರಂಜಿತಾ ಮಾತಾಡೋ ಸದ್ದು. ಸಿದ್ದಮ್ಮ ಸೆರಗು ಬಾಯಿಗಿಟ್ಕೊಂಡು ಅಳ್ತಿದ್ಲು.

"ನಿನ್ನ ಮೇಲೆ ಚಾಡಿ ಹೇಳು ಅಂತ ಕಳಿಸಿದ್ಯಂತೆ, ರುದ್ರೇಶ್ ಹೇಳಿದ್ರು," ಅಂದ್ರು ಶಶಿಧರ್. "ಅಷ್ಟು ನಗೋ ಅಂಥಾದ್ದು ಏನು ಹೇಳಿರ್ಬಹುದು?"

ಗಿರಿಜಾಂಬಾ ಮುಚ್ಚಿದ ಬಾಗಿಲು ನೋಡ್ತಿದ್ರು.

"ಅದೇ ನಂಗೂ ಹೊಟ್ಟೆ ಉರೀತಿರೋದು. ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದಾಳೆ."